ಲಂಡನ್ನಿನ ಹಳೆಯ ಸಾಲುಮನೆ: ಎರಡು ಜಂಟಿ ಗೋಡೆಗಳ ನಡುವೆ ಏನಿದೆ?

ನಮ್ಮಲ್ಲಿ ಟೆರೇಸ್ ಎಂದರೆ ತಾರಸಿ, ಹಪ್ಪಳ ಸಂಡಿಗೆ ಒಣಹಾಕುವ ಜಾಗ. ಬ್ರಿಟನ್ನಿನಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ. ಅಲ್ಲಿ ಟೆರೇಸ್ ಎಂದರೆ ಒಂದಕ್ಕೊಂದು ಅಂಟಿಕೊಂಡು ನಿಂತ ಮನೆಗಳ ಸಾಲು. ಎಡಗಡೆಯ ಗೋಡೆ ನಮಗೂ ಎಡಮನೆಯವರಿಗೂ ಸೇರಿದ್ದು, ಬಲಗಡೆಯದು ನಮಗೂ ಬಲಮನೆಯವರಿಗೂ ಸೇರಿದ್ದು. ನಮ್ಮ ಅಗ್ರಹಾರದ ಬೀದಿಗಳನ್ನು ನೋಡಿದವರಿಗೆ ಈ ಏರ್ಪಾಡು ಹೊಸದೇನೂ ಅನಿಸಲಾರದು.

ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆನಿಂತ ಕನ್ನಡ ಕುಟುಂಬ ಮನೆ ಕೊಳ್ಳಲು ಹೊರಟಾಗ ಎದುರಾಗುವುದು ಬಹಳ ಸಲ ಇಂಥದೇ ಮನೆ. ಬೆಲೆ ಒಪ್ಪಿ, ಸಾಲ ಮಂಜೂರಾಗಿ, ಕಡೆಗೆ ಕಟ್ಟಡದ ಸ್ಥಿತಿ ಪರೀಕ್ಷಿಸುವ ಸರ್ವೇಯರ್ ವರದಿ ಬರುತ್ತದೆ. ಎದುರುಗೋಡೆ ಉಬ್ಬಿದೆ, ಪ್ಯಾರಾಪೆಟ್ ಹಿಂದಿನ ಮಳೆನೀರ ಕಾಲುವೆ ಸೋರುತ್ತಿದೆ, ಸಿಮೆಂಟ್ ಪಾಯಿಂಟಿಂಗ್ (ಇಟ್ಟಿಗೆ ಸಂದುಗಳಿಗೆ ತುಂಬಿದ ಸಿಮೆಂಟ್) ಇಟ್ಟಿಗೆಯನ್ನು ಕೆಡಿಸಿದೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಕಾಂಕ್ರೀಟ್ ಕಂಬ, ಬೀಮು, ಮೋಲ್ಡ್ ಕಂಡು ಬೆಳೆದವರಿಗೆ ಈ ಮನೆಯಲ್ಲಿ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದೇ ಹೊಳೆಯುವುದಿಲ್ಲ. ಅದು ಗೊತ್ತಾದರೆ ವರದಿಯ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ಲಂಡನ್ನಿನ ಸಾಲುಮನೆಯೊಂದನ್ನು ಬುಡದಿಂದ ಸೂರಿನವರೆಗೆ ನೋಡೋಣ. 18ನೆಯ ಶತಮಾನದ ಮತ್ತು 19ರ ಮೊದಲರ್ಧದ ಮನೆಗಳೇ ಮುಖ್ಯವಾಗಿ ಕಣ್ಣಮುಂದಿವೆ. ವಿಕ್ಟೋರಿಯಾ ಕಾಲದ ಮನೆಗಳೂ ಇದೇ ಬೀಜದಿಂದ ಬೆಳೆದವು.

ಬೆಂಕಿ ಬರೆದ ನಿಯಮ

1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ನಾಲ್ಕೈದು ದಿನ ಉರಿಯಿತು. 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಅವುಗಳಲ್ಲಿ ಬಹುಪಾಲು ಮರದ ಚೌಕಟ್ಟಿನ ಮನೆಗಳು. ಮೇಲಿನ ಮಹಡಿಗಳು ಬೀದಿಯ ಕಡೆ ಚಾಚಿಕೊಂಡು ಎದುರುಮನೆಯನ್ನು ಮುಟ್ಟುವಷ್ಟು ಹತ್ತಿರ ಬಂದಿದ್ದವು. ಮರುವರ್ಷ, 1667ರಲ್ಲಿ, ಮರುನಿರ್ಮಾಣದ ಕಾಯ್ದೆ ಬಂತು. ಹೊರಗೋಡೆ ಇಟ್ಟಿಗೆ ಅಥವಾ ಕಲ್ಲಿನದೇ ಆಗಿರಬೇಕು. ಬೀದಿಯ ಅಗಲ ನೋಡಿ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಬೇಕು. ಯಾವ ದರ್ಜೆಗೆ ಎಷ್ಟು ಮಹಡಿ, ಗೋಡೆ ಎಷ್ಟು ದಪ್ಪ ಎಂಬುದೂ ಅದರಲ್ಲೇ ನಿಗದಿಯಾಯಿತು.

ಮುಂದಿನ ನೂರು ವರ್ಷ ಕಾಯ್ದೆಗಳು ಮನೆಯ ಮುಖವನ್ನು ಒಂದೊಂದಾಗಿ ತಿದ್ದಿದವು. ಉರಿಯುವ ಮರದ ಸೂರಂಚಿನ ಮೂಲಕ ಬೆಂಕಿ ಪಕ್ಕದ ಮನೆಗೆ ಹಾಯುತ್ತಿದ್ದುದರಿಂದ 1707ರ ಕಾಯ್ದೆ ಅದನ್ನು ನಿಷೇಧಿಸಿತು. ಆಗ ಎದುರುಗೋಡೆಯನ್ನೇ ಸೂರಿಗಿಂತ ಮೇಲಕ್ಕೆತ್ತಿ ಪ್ಯಾರಾಪೆಟ್ ಮಾಡಿದರು, ಸೂರು ಅದರ ಹಿಂದೆ ಅಡಗಿತು. 1709ರಲ್ಲಿ ಕಿಟಕಿಯ ಚೌಕಟ್ಟು ಗೋಡೆಯ ಹೊರಮೈಯಿಂದ 4 ಅಂಗುಲ ಒಳಗಿರಬೇಕೆಂದಾಯಿತು. 1774ರ ಕಾಯ್ದೆ ಇನ್ನೂ ಮುಂದೆ ಹೋಗಿ ಕಿಟಕಿಯ ಮರದ ಪೆಟ್ಟಿಗೆಯನ್ನು ಇಟ್ಟಿಗೆಯ ಮರೆಗೆ ಸೇರಿಸಿತು. ಹೀಗಾಗಿ ಹೊರಗೆ ನಿಂತು ಕಿಟಕಿ ನೋಡಿದರೇ ಮನೆಯ ವಯಸ್ಸನ್ನು ಒಂದು ಮಟ್ಟಿಗೆ ಊಹಿಸಬಹುದು. ದಪ್ಪ ಚೌಕಟ್ಟು ಗೋಡೆಯ ಮಟ್ಟಕ್ಕೇ ಇದ್ದರೆ 18ನೆಯ ಶತಮಾನದ ಆರಂಭ ಅಥವಾ ಅದಕ್ಕೂ ಹಿಂದಿನದು. ಚೌಕಟ್ಟು ಬಹುತೇಕ ಕಾಣದೆ ತೆಳ್ಳನೆ ಗೆರೆಯಷ್ಟೇ ಉಳಿದಿದ್ದರೆ 1774ರ ಆಚೆಗಿನದು. ಈ ಕಾಯ್ದೆಗಳ ವ್ಯಾಪ್ತಿ ಲಂಡನ್ನಿಗಷ್ಟೇ ಇತ್ತು, ಪಾಲನೆಯೂ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಆದ್ದರಿಂದ ಕಿಟಕಿಯೊಂದನ್ನೇ ಸಾಕ್ಷಿಯಾಗಿ ಹಿಡಿಯಬಾರದು.

ನೆಲ ಒಬ್ಬರದು, ಕಟ್ಟಿದವರು ಇನ್ನೊಬ್ಬರು

ಅಷ್ಟೊಂದು ಮನೆಗಳು ಒಂದೇ ಅಚ್ಚಿನಲ್ಲಿ ಬರಲು ಹಣದ ಲೆಕ್ಕಾಚಾರವೂ ಕಾರಣ. ಲಂಡನ್ನಿನ ಪಶ್ಚಿಮಕ್ಕಿದ್ದ ಹೊಲಗದ್ದೆಗಳು ಗ್ರೋವ್ನರ್, ಬೆಡ್‌ಫರ್ಡ್‌ನಂಥ ದೊಡ್ಡ ಮನೆತನಗಳ ಕೈಯಲ್ಲಿದ್ದವು. ಅವರು ನೆಲ ಮಾರುತ್ತಿರಲಿಲ್ಲ, ದೀರ್ಘಾವಧಿ ಗುತ್ತಿಗೆಗೆ ಕೊಡುತ್ತಿದ್ದರು. 18ನೆಯ ಶತಮಾನದ ಕೊನೆಯ ಹೊತ್ತಿಗೆ 99 ವರ್ಷ ಎಂಬುದು ವಾಡಿಕೆಯಾಯಿತು. ಬಡಗಿಯೋ ಗಾರೆ ಮೇಸ್ತ್ರಿಯೋ ಎರಡು ಮೂರು ನಿವೇಶನ ಹಿಡಿದು, ಮೊದಲ ಒಂದೆರಡು ವರ್ಷ ನಾಮಮಾತ್ರದ ಬಾಡಿಗೆ ಕೊಟ್ಟು, ಗೋಡೆ, ನೆಲ, ಸೂರು ಇಷ್ಟನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಒಳಗಿನ ಗಿಲಾವು, ಬಾಗಿಲು, ಅಗ್ಗಿಷ್ಟಿಕೆಗಳನ್ನು ಕೊಳ್ಳುವವರು ತಮಗೆ ಬೇಕಾದಂತೆ ಮುಗಿಸಿಕೊಳ್ಳುತ್ತಿದ್ದರು.

ಬಾಡಿಗೆ ನಿಲ್ಲುತ್ತಿದ್ದುದು ಬೀದಿಯ ಕಡೆಯ ಅಗಲದ ಮೇಲೆ. ಹಾಗಾಗಿ ಮನೆ ಅಗಲವಾಗದೆ ಎತ್ತರಕ್ಕೆ ಬೆಳೆಯಿತು. ಸಾಧಾರಣ ಮನೆಯ ಅಗಲ 16ರಿಂದ 24 ಅಡಿ. ಇನ್ನೊಂದು ಪರಿಣಾಮವೂ ಉಂಟಾಯಿತು. ಗುತ್ತಿಗೆ ಮುಗಿದ ಮೇಲೆ ಮನೆ ನೆಲದೊಡೆಯನಿಗೇ ಸೇರುವುದರಿಂದ, ಅದಕ್ಕಿಂತ ಹೆಚ್ಚು ಬಾಳುವ ಕಟ್ಟಡ ಕಟ್ಟಲು ಮೇಸ್ತ್ರಿಗೆ ಕಾರಣವಿರಲಿಲ್ಲ. ಈಗ 200 ವರ್ಷ ದಾಟಿ ನಿಂತಿರುವ ಮನೆಯಲ್ಲಿ ಕಾಣುವ ಹಲವು ದೋಷಗಳ ಬೇರು ಇಲ್ಲಿದೆ.

1774ರ ಕಾಯ್ದೆ ಮನೆಗಳನ್ನು ಬೆಲೆ ಮತ್ತು ನೆಲದಳತೆಯ ಮೇಲೆ ನಾಲ್ಕು ದರ್ಜೆ ಮಾಡಿತು. 850 ಪೌಂಡ್ ಮೀರಿದ ಬೆಲೆ, 900 ಚದರ ಅಡಿ ಮೀರಿದ ತಳವಿಸ್ತೀರ್ಣ ಇದ್ದರೆ ಮೊದಲ ದರ್ಜೆ. 150 ಪೌಂಡಿಗೂ 350 ಚದರ ಅಡಿಗೂ ಕೆಳಗಿದ್ದರೆ ನಾಲ್ಕನೆಯದು. ಪ್ರತಿ ದರ್ಜೆಗೂ ಗೋಡೆಯ ದಪ್ಪ ನಿಗದಿಯಾಗಿತ್ತು. ಲಂಡನ್ನಿನ ಸಾಲುಗಳು ಅಷ್ಟು ಏಕರೂಪವಾಗಿ ಕಾಣಲು ಈ ಕಾಯ್ದೆ ದೊಡ್ಡ ಕಾರಣ. 1775–83ರ ನಡುವೆ ಎದ್ದ ಬೆಡ್‌ಫರ್ಡ್ ಸ್ಕ್ವೇರ್ ಮೊದಲ ದರ್ಜೆಯ ಮನೆಗಳ ಅತ್ಯುತ್ತಮ ಮಾದರಿ, ಈಗಲೂ ಬಹುತೇಕ ಹಾಗೇ ಇದೆ.

ಎರಡು ಕೋಣೆ, ಒಂದು ಮೆಟ್ಟಿಲು

ನಮ್ಮ ಅಗ್ರಹಾರದ ಮನೆಯೂ ಎರಡು ಬದಿಯ ಗೋಡೆಗಳ ನಡುವೆ ಸಿಕ್ಕಿಕೊಂಡದ್ದೇ. ಆದರೆ ಅದು ನಡುವೆ ತೊಟ್ಟಿಯನ್ನು ತೆರೆದು ಆಕಾಶದಿಂದ ಬೆಳಕು ತಂದುಕೊಳ್ಳುತ್ತದೆ. ಆದ್ದರಿಂದ ಎಷ್ಟು ಉದ್ದಕ್ಕೆ ಬೇಕಾದರೂ ಹಿಂದಕ್ಕೆ ಸಾಗಬಲ್ಲದು. ಲಂಡನ್ನಿನ ಚಳಿಗೆ ತೊಟ್ಟಿ ಒಗ್ಗದು. ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಹೀಗಾಗಿ ಮನೆಯ ಆಳ ಎರಡು ಕೋಣೆಗಳಿಗೆ ನಿಂತುಬಿಡುತ್ತದೆ. ಪ್ರತಿ ಮಹಡಿಯಲ್ಲೂ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಒಂದು ಬದಿಗೆ ಓಣಿ ಮತ್ತು ಮೆಟ್ಟಿಲು. ಮೆಟ್ಟಿಲ ನೆತ್ತಿಯ ಮೇಲೆ ಗಾಜಿನ ಸೂರಿದ್ದರೆ ಅಲ್ಲಿಂದ ಒಂದಿಷ್ಟು ಬೆಳಕು ಕೆಳಕ್ಕೆ ಇಳಿಯುತ್ತದೆ. ತೊಟ್ಟಿಯ ಕೆಲಸವನ್ನು ಅಲ್ಲಿ ಅಷ್ಟರ ಮಟ್ಟಿಗೆ ಮೆಟ್ಟಿಲಗೂಡು ಮಾಡುತ್ತದೆ.

ನೆಲಮಾಳಿಗೆಯಲ್ಲಿ ಅಡುಗೆಮನೆ, ನೆಲಮಹಡಿಯಲ್ಲಿ ಊಟದ ಕೋಣೆ, ಮೊದಲ ಮಹಡಿಯಲ್ಲಿ ಅತಿಥಿಗಳನ್ನು ಕೂರಿಸುವ ದಿವಾನಖಾನೆ, ಅದರ ಮೇಲೆ ಮಲಗುವ ಕೋಣೆಗಳು, ಸೂರಿನಡಿಯ ಅಟ್ಟದಲ್ಲಿ ಕೆಲಸದವರು. ಎದುರುಗೋಡೆಯ ಕಿಟಕಿಗಳು ಇದೇ ಕ್ರಮವನ್ನು ಹೊರಗೆ ತೋರಿಸುತ್ತವೆ. ಮೊದಲ ಮಹಡಿಯವು ಎಲ್ಲಕ್ಕಿಂತ ಎತ್ತರ, ಮೇಲಕ್ಕೆ ಹೋದಂತೆ ಗಿಡ್ಡವಾಗುತ್ತ ಅಟ್ಟದ ಹತ್ತಿರ ಚೌಕಕ್ಕೆ ಬಂದು ನಿಲ್ಲುತ್ತವೆ.

ನೆಲಮಾಳಿಗೆಯ ವಿಷಯದಲ್ಲಿ ಒಂದು ಚತುರತೆ ಇದೆ. ಅದನ್ನು ಪೂರ್ತಿ ಆಳಕ್ಕೆ ಅಗೆಯುತ್ತಿರಲಿಲ್ಲ. ತುಸು ಅಗೆದು, ಬಂದ ಮಣ್ಣಿನಿಂದ ಎದುರಿನ ಬೀದಿಯನ್ನೇ ಎತ್ತರಿಸುತ್ತಿದ್ದರು. ಆದ್ದರಿಂದ ಮುಂದಿನಿಂದ ನೋಡಿದರೆ ಅದು ನೆಲದಡಿಯ ಮಾಳಿಗೆ, ಹಿಂಬಾಗಿಲು ತೆರೆದರೆ ಹಿತ್ತಿಲ ಮಟ್ಟಕ್ಕೇ ಇರುತ್ತದೆ. ಹಿತ್ತಿಲಿನದೇ ಹಳೆಯ ನಿಜವಾದ ನೆಲಮಟ್ಟ. ಬೀದಿಗೂ ಮನೆಗೂ ನಡುವೆ ಕಬ್ಬಿಣದ ಕಟಾಂಜನದೊಳಗೆ ಕಾಣುವ ತಗ್ಗಿನ ಅಂಗಳಕ್ಕೆ ಏರಿಯಾ ಎನ್ನುತ್ತಾರೆ. ಅದರಾಚೆ ಕಾಲುದಾರಿಯ ಅಡಿಯಲ್ಲಿ ಇಟ್ಟಿಗೆ ಕಮಾನಿನ ಕಲ್ಲಿದ್ದಲು ಗೂಡುಗಳಿವೆ. ಕಾಲುದಾರಿಯಲ್ಲಿ ಈಗಲೂ ಕಾಣುವ ದುಂಡನೆ ಕಬ್ಬಿಣದ ಮುಚ್ಚಳ ತೆಗೆದು ಕಲ್ಲಿದ್ದಲನ್ನು ಸುರಿಯುತ್ತಿದ್ದರು.

ಎದುರುಗೋಡೆ: ಕಾಣುವಷ್ಟು ಗಟ್ಟಿಯಲ್ಲ

ಬಾತ್ ನಗರದ ರಾಯಲ್ ಕ್ರೆಸೆಂಟ್ 30 ಮನೆಗಳ ಅರ್ಧಚಂದ್ರಾಕಾರದ ಸಾಲು. 1767ರಲ್ಲಿ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಎದುರಿನ ಮುಖವೊಂದನ್ನೇ ವಿನ್ಯಾಸ ಮಾಡಿದ. ಕೊಂಡವರು ಹಿಂದೆ ತಮ್ಮ ತಮ್ಮ ಕಟ್ಟಡಗಾರರಿಂದ ಬೇಕಾದಂತೆ ಮನೆ ಕಟ್ಟಿಸಿದರು. ಮುಂದೆ ನಿಂತರೆ ಅರಮನೆ, ಹಿಂದೆ ಹೋದರೆ ಒಂದಕ್ಕೊಂದು ಹೊಂದದ ಗೋಡೆ ಕಿಟಕಿಗಳು. ಮುಖಕ್ಕೂ ಒಡಲಿಗೂ ಇರುವ ಈ ಅಂತರವೇ ಸಾಲುಮನೆಯ ಸ್ವಭಾವ, ಎದುರುಗೋಡೆಯ ಒಳರಚನೆಯಲ್ಲೂ ಅದು ಹಾಗೇ ಇದೆ.

ಇಟ್ಟಿಗೆ ಗೋಡೆ ಗಟ್ಟಿಯಾಗಿರಬೇಕಾದರೆ ಕೆಲವು ಇಟ್ಟಿಗೆಗಳು ಉದ್ದಕ್ಕೆ ಮಲಗಬೇಕು, ಕೆಲವು ಅಡ್ಡಕ್ಕೆ ಹೊಕ್ಕು ಹೊರಪದರವನ್ನೂ ಒಳಪದರವನ್ನೂ ಹೊಲಿಯಬೇಕು. ಎದುರುಗೋಡೆಯ ಹೊರಮೈಗೆ ದುಬಾರಿ ಇಟ್ಟಿಗೆ, ತೆಳು ಸಂದು. ಒಳಮೈಗೆ ಅಗ್ಗದ ಇಟ್ಟಿಗೆ, ದಪ್ಪ ಸಂದು. ಎರಡೂ ಕಡೆಯ ವರಸೆಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ. ಅದಕ್ಕೆ ಮೇಸ್ತ್ರಿಗಳು ಅಡ್ಡ ಇಟ್ಟಿಗೆಯನ್ನು ನಡುವೆ ಮುರಿದು ಅರ್ಧ ತುಂಡನ್ನು ಮಾತ್ರ ಹೊರಗೆ ಕೂರಿಸಿದರು. ದುಬಾರಿ ಇಟ್ಟಿಗೆಯಲ್ಲೂ ಉಳಿತಾಯವಾಯಿತು. ನೋಡುವವರಿಗೆ ಅದು ಪೂರ್ತಿ ಇಟ್ಟಿಗೆಯಂತೆ ಕಾಣುತ್ತದೆ, ಆದರೆ ಎರಡು ಪದರಗಳನ್ನು ಹೊಲಿಯುವ ದಾರವೇ ಅಲ್ಲಿಲ್ಲ. ಎಲ್ಲೋ ಆರೇಳು ವರಸೆಗೊಮ್ಮೆ ಎರಡೂ ಕಡೆ ಮಟ್ಟ ಕೂಡಿಬಂದಾಗ ಒಂದೆರಡು ಇಟ್ಟಿಗೆ ಒಳಕ್ಕೆ ಹೊಕ್ಕಿರುತ್ತವೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. 4 ಅಂಗುಲದ ಹೊರಪದರ ಕಾಲ ಕಳೆದಂತೆ ಒಳಗಿನದರಿಂದ ಬಿಟ್ಟುಕೊಂಡು ಹೊರಕ್ಕೆ ಉಬ್ಬುತ್ತದೆ. ಸರ್ವೇ ವರದಿ ಹೇಳುವ ಉಬ್ಬು ಹಲವು ಸಲ ಇದೇ.

ಉಬ್ಬಿಗೆ ಇನ್ನೊಂದು ಕಾರಣ ಗೋಡೆಯೊಳಗೆ ಹುದುಗಿದ ಮರ. ಸುಣ್ಣದ ಗಾರೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಗೋಡೆ ನೆಟ್ಟಗೆ ನಿಲ್ಲಲೆಂದು ಒಳಮೈಯಲ್ಲಿ ಉದ್ದುದ್ದದ ಮರದ ತೊಲೆಗಳನ್ನು ಇಟ್ಟಿಗೆಯ ಜೊತೆಗೇ ಕಟ್ಟುತ್ತಿದ್ದರು. ಕಿಟಕಿಯ ಮೇಲೂ ಹೊರಗೆ ಇಟ್ಟಿಗೆಯ ಚಪ್ಪಟೆ ಕಮಾನು, ಅದರ ಹಿಂದೆ ಮರದ ಲಿಂಟಲ್. ತೇವ ತಾಗಿ ಈ ಮರ ಲಡ್ಡಾದಾಗ ಅದರ ಮೇಲಿನ ಇಟ್ಟಿಗೆ ಕುಸಿಯುತ್ತದೆ. ಒಳಪದರ ಇಳಿದು ಹೊರಪದರ ಹಾಗೇ ನಿಂತರೆ ಗೋಡೆ ಬಾಗದೆ ಬೇರೆ ದಾರಿಯಿಲ್ಲ. ರಿಪೇರಿಗೆ ಲಡ್ಡು ಮರವನ್ನು ಒಂದೊಂದು ಮೀಟರಿನಷ್ಟು ತುಂಡುಗಳಲ್ಲಿ ತೆಗೆದು, ಆ ಜಾಗಕ್ಕೆ ಇಟ್ಟಿಗೆ ತುಂಬಿ, ಅದು ಕಚ್ಚಿಕೊಂಡ ಮೇಲಷ್ಟೇ ಮುಂದಿನ ತುಂಡಿಗೆ ಹೋಗಬೇಕು. ಉಬ್ಬಿದ ಗೋಡೆಯನ್ನು ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಗಳಿಂದ ನೆಲದ ಜಂತೆಗಳಿಗೆ ಬಿಗಿಯುತ್ತಾರೆ. ಹಳೆಯ ಮನೆಗಳ ಹೊರಗೋಡೆಯಲ್ಲಿ ಇಂಗ್ಲಿಷಿನ ಎಸ್ ಅಥವಾ ಎಕ್ಸ್ ಅಕ್ಷರದಂಥ ಕಬ್ಬಿಣದ ತುಂಡು ಕಂಡರೆ, ಅಲ್ಲಿ ಹಿಂದೊಮ್ಮೆ ಹೀಗೆ ಬಿಗಿದಿದ್ದಾರೆ ಎಂದರ್ಥ.

ಎದುರುಗೋಡೆ ಬದಿಯ ಜಂಟಿ ಗೋಡೆಗೂ ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ. ಜಂಟಿ ಗೋಡೆಗಳನ್ನು ಮೊದಲು ಎಬ್ಬಿಸಿ, ಎದುರುಗೋಡೆಯನ್ನು ಆಮೇಲೆ ತಂದು ಆನಿಸುತ್ತಿದ್ದರು. ಕೋಣೆಯ ಮುಂದಿನ ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದ ಬಿರುಕಿದ್ದರೆ ಅದು ಈ ಸಂದು ಬಿಟ್ಟುಕೊಂಡ ಗುರುತು. ಮೇಲಕ್ಕೆ ಹೋದಂತೆ ಅಗಲವಾಗುತ್ತಿದ್ದರೆ ಎಂಜಿನಿಯರಿಗೆ ತೋರಿಸಬೇಕು.

ಪಾಯದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ಆಳವಿಲ್ಲದ, ಮೆಟ್ಟಿಲು ಮೆಟ್ಟಿಲಾಗಿ ಅಗಲಿಸಿದ ಇಟ್ಟಿಗೆಯ ಪಾಯ. ಲಂಡನ್ನಿನ ಜೇಡಿಮಣ್ಣು ಬೇಸಗೆಯಲ್ಲಿ ಕುಗ್ಗಿ ಮಳೆಗೆ ಹಿಗ್ಗುತ್ತದೆ. 1976ರ ಬರದಲ್ಲಿ ಬಹಳ ಮನೆಗಳು ಬಿರುಕು ಬಿಟ್ಟದ್ದು ಹಾಗೆ. ಹತ್ತಿರದ ದೊಡ್ಡ ಮರ ಈ ಕುಗ್ಗುವಿಕೆಯನ್ನು ಹೆಚ್ಚಿಸುತ್ತದೆ. ನೆಲ ವಾಲಿದೆಯೆಂದು ಕೂಡಲೇ ಗಾಬರಿಪಡಬೇಕಿಲ್ಲ. ಬಾಗಿಲ ರೆಕ್ಕೆಯ ಮೇಲಂಚನ್ನು ನೋಡಬೇಕು. ವಾಲಿದ ಚೌಕಟ್ಟಿಗೆ ಹೊಂದುವಂತೆ ಅದನ್ನು ಓರೆಯಾಗಿ ಕೊಯ್ದು, ಈಗ ಅದು ಸಲೀಸಾಗಿ ಮುಚ್ಚುತ್ತಿದ್ದರೆ ಕುಸಿತ ಹಳೆಯದು, ನಿಂತುಹೋಗಿದೆ. ಬಾಗಿಲು ಇತ್ತೀಚೆಗೆ ಹಿಡಿಯತೊಡಗಿದ್ದರೆ ಅದು ಬೇರೆ ಮಾತು.

ಪ್ರಧಾನಿಯ ನಿವಾಸ, 10 ಡೌನಿಂಗ್ ಸ್ಟ್ರೀಟ್, ಇದೇ ಜಾತಿಯದು. 1680ರ ದಶಕದಲ್ಲಿ ಸರ್ ಜಾರ್ಜ್ ಡೌನಿಂಗ್ ಲಾಭಕ್ಕಾಗಿ ಕಟ್ಟಿಸಿದ ಸಾಲಿನ ಒಂದು ಮನೆ, ಮುಂದೆ ಹಿಂದಿನ ದೊಡ್ಡ ಮನೆಯೊಂದಿಗೆ ಕೂಡಿಕೊಂಡಿತು. ಮೆತ್ತನೆ ನೆಲದ ಮೇಲೆ ಆಳವಿಲ್ಲದ ಪಾಯ ಇದ್ದುದರಿಂದ 1960ರ ದಶಕದ ಆರಂಭದಲ್ಲಿ ಅದನ್ನು ಬಹುಪಾಲು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಕಪ್ಪೆಂದೇ ಎಲ್ಲರೂ ತಿಳಿದಿದ್ದ ಇಟ್ಟಿಗೆ ತೊಳೆದಾಗ ಹಳದಿ ಎಂದು ಗೊತ್ತಾಯಿತು, ಕಪ್ಪು ಬಣ್ಣ ಶತಮಾನಗಳ ಹೊಗೆಮಸಿಯದು. ಜನರ ಕಣ್ಣಿಗೆ ಪರಿಚಿತವಾದ ರೂಪ ಉಳಿಸಲು ಮತ್ತೆ ಕಪ್ಪು ಬಳಿದರು. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ 2022ರಿಂದ 2024ರವರೆಗೆ ಪ್ರಧಾನಿಯ ಪತ್ನಿಯಾಗಿ ಬಾಗಿಲು ತೆರೆದು ಕಾಣಿಸಿಕೊಳ್ಳುತ್ತಿದ್ದುದು ಇದೇ ಗೋಡೆಯ ಮುಂದೆ.

ಒಡೆಯಬಾರದ ತೆಳುಗೋಡೆ

ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಒಂದು ಗೋಡೆಯಿದೆ. ತಟ್ಟಿದರೆ ಟೊಳ್ಳು ಸದ್ದು. ಬರೀ ಪಾರ್ಟಿಷನ್ ಎಂದುಕೊಂಡು ದೊಡ್ಡ ಹಾಲ್ ಮಾಡಲು ಅದನ್ನು ಕೆಡವುವವರಿದ್ದಾರೆ. ಇಡೀ ಮನೆಯಲ್ಲಿ ಇದಕ್ಕಿಂತ ದುಬಾರಿಯಾಗುವ ತಪ್ಪು ಇಲ್ಲ.

ನೆಲದ ಜಂತೆಗಳು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಹಾಯುತ್ತವೆ. ಒಂದು ತುದಿ ಎದುರುಗೋಡೆಯಲ್ಲಿ, ಇನ್ನೊಂದು ಹಿಂಗೋಡೆಯಲ್ಲಿ, ನಡುವಿನ ಆಸರೆ ಈ ಟೊಳ್ಳು ಗೋಡೆಯ ಮೇಲೆ. ಅದರೊಳಗೆ ನಿಲುವು ಮರಗಳ ಜೊತೆಗೆ ಓರೆ ಮರಗಳೂ ಇರುತ್ತವೆ. ರೈಲು ಸೇತುವೆಯ ಬದಿಯ ಕಬ್ಬಿಣದ ಜಾಲದಂತೆ ಈ ಓರೆಗಳು ಭಾರವನ್ನು ಬದಿಗಳಿಗೆ ಸಾಗಿಸುತ್ತವೆ. ಮೇಲಿನ ಎಲ್ಲ ಮಹಡಿಗಳ ನೆಲ, ಎಷ್ಟೋ ಸಲ ಸೂರಿನ ನಡುತೊಲೆ ಕೂಡ, ಇದರ ಮೇಲೆ ಕೂತಿರುತ್ತದೆ. ಗೋಡೆ ಪೂರ್ತಿ ಕೆಡವಬೇಕೆಂದೇನಿಲ್ಲ, ಹೊಸ ಬಾಗಿಲಿಗೆಂದು ಒಂದು ಓರೆ ಮರ ಕೊಯ್ದರೂ ಸಾಕು, ಮೇಲಿನ ನೆಲ ಮೆಲ್ಲಗೆ ಇಳಿಯತೊಡಗುತ್ತದೆ.

ಜಂತೆಗಳು ಯಾವ ದಿಕ್ಕಿಗಿವೆ ಎಂದು ತಿಳಿಯಲು ಏನನ್ನೂ ಒಡೆಯಬೇಕಿಲ್ಲ. ನೆಲಹಲಗೆಗಳು ಯಾವಾಗಲೂ ಜಂತೆಗೆ ಅಡ್ಡಲಾಗಿ ಇರುತ್ತವೆ. ಹಲಗೆಗಳು ಒಂದು ಜಂಟಿ ಗೋಡೆಯಿಂದ ಇನ್ನೊಂದರ ಕಡೆಗೆ ಹೋಗುತ್ತಿದ್ದರೆ ಜಂತೆಗಳು ಮುಂದಿನಿಂದ ಹಿಂದಕ್ಕೆ ಇವೆ, ನಡುಗೋಡೆ ಭಾರ ಹೊತ್ತಿದೆ. ಮೊಳೆಗಳ ಸಾಲು ಪ್ರತಿ ಜಂತೆಯ ಜಾಗವನ್ನೂ ತೋರಿಸುತ್ತದೆ.

ಅಗ್ಗಿಷ್ಟಿಕೆಯ ಹೊಗೆಗೂಡಿನದೂ ಇಂಥದೇ ಕಥೆ. ಅದು ಜಂಟಿ ಗೋಡೆಯಿಂದ ಕೋಣೆಯೊಳಕ್ಕೆ ಚಾಚಿಕೊಂಡಿರುವ ಇಟ್ಟಿಗೆಯ ಕಂಬ. ಪ್ರತಿ ಅಗ್ಗಿಷ್ಟಿಕೆಗೂ ಪ್ರತ್ಯೇಕ ಹೊಗೆಕೊಳವೆ. ನಾಲ್ಕು ಮಹಡಿ, ತಲಾ ಎರಡು ಕೋಣೆ ಎಂದರೆ ಎಂಟು ಕೊಳವೆ. ಸೂರಿನ ಮೇಲಿನ ಮಣ್ಣಿನ ಕುಂಡಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ. ಜಾಗ ಹೆಚ್ಚಲೆಂದು ಕೆಳಮಹಡಿಯ ಹೊಗೆಗೂಡು ತೆಗೆದು ಮೇಲಿನದನ್ನು ಹಾಗೇ ಬಿಟ್ಟರೆ, ಟನ್ನುಗಟ್ಟಲೆ ಇಟ್ಟಿಗೆ ಆಧಾರವಿಲ್ಲದೆ ತೂಗುತ್ತದೆ. ಹಿಂದಿನ ಮಾಲೀಕರು ತೆಗೆಸಿದ್ದರೆ ಮೇಲೆ ಉಕ್ಕಿನ ಬೀಮು ಇದೆಯೇ, ಸ್ಥಳೀಯ ಆಡಳಿತದ ಕಟ್ಟಡ ವಿಭಾಗದ ಪ್ರಮಾಣಪತ್ರ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಬಳಸದ ಕೊಳವೆಯನ್ನು ಪೂರ್ತಿ ಮುಚ್ಚುವುದೂ ತಪ್ಪು. ಮಳೆ ತಡೆಯುವ ಟೋಪಿ ಮೇಲೆ, ಗಾಳಿ ಆಡುವ ಜಾಲರಿ ಕೆಳಗೆ, ಎರಡೂ ಬೇಕು. ಇಲ್ಲದಿದ್ದರೆ ಹಳೆಯ ಮಸಿ ತೇವ ಹೀರಿ ಗೋಡೆಯ ಮೇಲೆ ಕಂದು ಕಲೆಯಾಗಿ ಮೂಡುತ್ತದೆ.

ಕಿಟಕಿಯ ತಕ್ಕಡಿ

ಮೇಲೆ ಕೆಳಗೆ ಜಾರುವ ಸ್ಯಾಷ್ ಕಿಟಕಿ ಒಂದು ತಕ್ಕಡಿ. ಎರಡು ಬದಿಯ ಟೊಳ್ಳು ಪೆಟ್ಟಿಗೆಗಳಲ್ಲಿ ಕಬ್ಬಿಣದ ಗುಂಡುಗಳು ಹತ್ತಿಯ ಹಗ್ಗಕ್ಕೆ ತೂಗಿಕೊಂಡಿರುತ್ತವೆ, ಹಗ್ಗ ಗಾಲಿಯ ಮೇಲೆ ಹಾದು ಗಾಜಿನ ರೆಕ್ಕೆಗೆ ಸೇರುತ್ತದೆ. ಮೇಲಿನ ರೆಕ್ಕೆಯ ಗುಂಡುಗಳು ಒಟ್ಟಿಗೆ ರೆಕ್ಕೆಗಿಂತ ತುಸು ಭಾರ, ಆದ್ದರಿಂದ ಅದು ಮೇಲೇ ನಿಲ್ಲುತ್ತದೆ. ಕೆಳಗಿನದರ ಗುಂಡುಗಳು ತುಸು ಹಗುರ, ಆದ್ದರಿಂದ ಅದು ಕೆಳಗೇ ಕೂರುತ್ತದೆ. ಎರಡು ಪದರದ ಗಾಜು ಹಾಕಿಸಿದರೆ ಈ ಲೆಕ್ಕ ಕೆಡುತ್ತದೆ. ಪೆಟ್ಟಿಗೆಯಲ್ಲಿ ದೊಡ್ಡ ಗುಂಡಿಗೆ ಜಾಗವಿಲ್ಲದಿರುವುದರಿಂದ ಕಬ್ಬಿಣದ ಬದಲು ಹೆಚ್ಚು ಸಾಂದ್ರವಾದ ಸೀಸದ ಗುಂಡು ಹಾಕುತ್ತಾರೆ. ಹಗ್ಗ ತುಂಡಾದರೆ ಕಿಟಕಿಯನ್ನೇ ಬದಲಿಸಬೇಕಿಲ್ಲ. ಗಾಲಿಯ ಕೆಳಗಿನ ಮರದಲ್ಲಿ ಬಿಚ್ಚಿ ತೆಗೆಯುವಂಥ ಚಿಕ್ಕ ತುಂಡೊಂದಿರುತ್ತದೆ, ಗುಂಡನ್ನು ಅಲ್ಲಿಂದಲೇ ಹೊರತೆಗೆಯಬಹುದು. ಬಣ್ಣದ ಪದರಗಳು ಅದನ್ನು ಮುಚ್ಚಿರುತ್ತವೆ, ಅಷ್ಟೇ.

ಇಟ್ಟಿಗೆಯಿಂದ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ಕಿಟಕಿ ತೆರಿಗೆಯ ಕಥೆ ಹೇಳುವುದುಂಟು. 1696ರಿಂದ 1851ರವರೆಗೆ ಆ ತೆರಿಗೆ ಇದ್ದದ್ದು ನಿಜ, ಅದಕ್ಕಾಗಿ ಮುಚ್ಚಿದ್ದೂ ನಿಜ. ಆದರೆ ಎದುರುಗೋಡೆ ಎರಡೂ ಕಡೆ ಸಮನಾಗಿ ಕಾಣಲೆಂದು ಕಟ್ಟುವಾಗಲೇ ಹುಸಿ ಕಿಟಕಿ ಇಟ್ಟದ್ದೂ ಬೇಕಾದಷ್ಟಿದೆ. ಅದರ ಹಿಂದೆ ಹೊಗೆಕೊಳವೆ ಹಾದಿದ್ದರೆ ಅಲ್ಲಿ ಕಿಟಕಿ ಎಂದೂ ಇರಲಿಲ್ಲ.

ಚಿಟ್ಟೆಯ ರೆಕ್ಕೆಯಂಥ ಸೂರು

ಬೀದಿಯಿಂದ ನೋಡಿದರೆ ಪ್ಯಾರಾಪೆಟ್ ಮೇಲೆ ಸೂರೇ ಕಾಣದು. ಹಿಂದಿನಿಂದ ನೋಡಿದರೆ ಗೋಡೆಯ ನೆತ್ತಿ ಇಂಗ್ಲಿಷಿನ ವಿ ಅಕ್ಷರದಂತೆ ನಡುವೆ ತಗ್ಗಿರುತ್ತದೆ. ನಮ್ಮ ಹೆಂಚಿನ ಮನೆಯಲ್ಲಿ ಸೂರು ನಡುವೆ ಎತ್ತರ, ಬದಿಗೆ ಇಳಿಜಾರು. ಇಲ್ಲಿ ಅದಕ್ಕೆ ತದ್ವಿರುದ್ಧ. ಎರಡು ಇಳಿಜಾರುಗಳು ಜಂಟಿ ಗೋಡೆಗಳ ಮೇಲಿನಿಂದ ಹೊರಟು ಮನೆಯ ನಡುಮಧ್ಯದ ಕಾಲುವೆಗೆ ಇಳಿಯುತ್ತವೆ. ಕಾಲುವೆಯ ಅಡಿಯ ತೊಲೆ ಮುಂದಿನಿಂದ ಹಿಂದಕ್ಕೆ ಹಾಯುತ್ತದೆ. ಬಿದ್ದ ಮಳೆಯಷ್ಟೂ ಮನೆಯ ನೆತ್ತಿಯ ಮೇಲೇ ಕೂಡಿ, ಸೀಸದ ಹಾಳೆ ಹೊದಿಸಿದ ಒಂದೇ ಕಾಲುವೆಯಲ್ಲಿ ಹಿಂದಕ್ಕೆ ಹರಿಯುತ್ತದೆ. ಒಂದು ಪಾರಿವಾಳದ ಗೂಡು ಅಥವಾ ಹಿಡಿಯಷ್ಟು ಎಲೆ ಕಟ್ಟಿಕೊಂಡರೂ ನೀರು ಒಳಗೆ ಇಳಿದು, ಮೊದಲು ತೊಲೆಯ ತುದಿಯನ್ನೂ ಆಮೇಲೆ ನಡುಗೋಡೆಯನ್ನೂ ಲಡ್ಡು ಮಾಡುತ್ತದೆ. ವರ್ಷಕ್ಕೆ ಎರಡು ಸಲ, ಎಲೆ ಉದುರಿದ ಮೇಲೆ ಒಮ್ಮೆ, ವಸಂತದಲ್ಲಿ ಒಮ್ಮೆ, ಅದನ್ನು ಶುಚಿ ಮಾಡಿಸುವುದು ಈ ಮನೆಗೆ ಮಾಡಬಹುದಾದ ಅತಿ ಅಗ್ಗದ ಉಪಕಾರ.

ಸೀಸ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಲೋಹ. ಉದ್ದನೆಯ ಒಂದೇ ಹಾಳೆ ಹಾಸಿದರೆ ಕೆಲವೇ ವರ್ಷಗಳಲ್ಲಿ ನಡುವೆ ಹರಿಯುತ್ತದೆ. ಅದಕ್ಕೇ ಚಿಕ್ಕ ಚಿಕ್ಕ ತುಂಡುಗಳಾಗಿ, ಮೆಟ್ಟಿಲು ಇಳಿಸಿ ಹಾಸಬೇಕು. ಸೂರಿಗೆ ಹೊದಿಸಿದ ವೇಲ್ಸಿನ ಸ್ಲೇಟು ಕಲ್ಲಿನ ಬಿಲ್ಲೆ ಶತಮಾನ ದಾಟಿಯೂ ಚೆನ್ನಾಗಿರುತ್ತದೆ. ತುಕ್ಕು ಹಿಡಿಯುವುದು ಅದರ ಮೊಳೆ. ಒಂದೆರಡು ಜಾರಿದ್ದರೆ ಆ ಎರಡನ್ನು ಸರಿಮಾಡಿದರಾಯಿತು. ಅಲ್ಲಲ್ಲಿ ಹತ್ತಾರು ಜಾರಿದ್ದರೆ ಮೊಳೆಗಳ ಆಯಸ್ಸು ಮುಗಿದಿದೆ, ಪೂರ್ತಿ ಬಿಚ್ಚಿ ಅದೇ ಸ್ಲೇಟುಗಳನ್ನು ಹೊಸ ಮೊಳೆಯಿಂದ ಹೊದಿಸುವುದು ಮೇಲು.

ಅಟ್ಟಕ್ಕೆ ಹತ್ತಿದಾಗ ಟಾರ್ಚಿನ ಬೆಳಕು ಬಿಟ್ಟು ಬದಿಗಳನ್ನು ನೋಡಿ. ಅಗ್ಗದ ವಿಕ್ಟೋರಿಯನ್ ಸಾಲುಗಳಲ್ಲಿ ಜಂಟಿ ಗೋಡೆ ಅಟ್ಟದ ಮಟ್ಟಕ್ಕೇ ನಿಂತು, ಸೂರಿನಡಿ ಇಡೀ ಸಾಲಿಗೆ ಒಂದೇ ಪೊಳ್ಳು ಇರುವುದುಂಟು. ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾಯಲು ಅದೇ ದಾರಿ.

ತೇವ ಮತ್ತು ಸಿಮೆಂಟ್

ಈ ಮನೆಯ ಗೋಡೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಮಳೆಗೆ ಸ್ವಲ್ಪ ಹೀರುತ್ತದೆ, ಗಾಳಿಗೆ ಅದನ್ನು ಬಿಟ್ಟುಕೊಡುತ್ತದೆ. ನೀರು ಹೊರಗೆ ಹೋಗುವುದು ಬಹುಪಾಲು ಸಂದುಗಳ ಸುಣ್ಣದ ಗಾರೆಯ ಮೂಲಕ, ಯಾಕೆಂದರೆ ಅದು ಇಟ್ಟಿಗೆಗಿಂತ ಮೆದು, ರಂಧ್ರ ಹೆಚ್ಚು. ಅದರ ಮೇಲೆ ಸಿಮೆಂಟ್ ಪಾಯಿಂಟಿಂಗ್ ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ನೀರು ಇಟ್ಟಿಗೆಯ ಮೈಯಿಂದಲೇ ಹೊರಡಬೇಕಾಗುತ್ತದೆ. ಚಳಿಗಾಲದ ರಾತ್ರಿ ಅದು ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗಿ ಇಟ್ಟಿಗೆಯ ಮುಖವನ್ನು ಚಕ್ಕೆಯೇಳಿಸುತ್ತದೆ. ಸಂದು ಸವೆಯಬೇಕು, ಇಟ್ಟಿಗೆ ಉಳಿಯಬೇಕು. ಸಂದನ್ನು ಮತ್ತೆ ತುಂಬಬಹುದು, 200 ವರ್ಷದ ಇಟ್ಟಿಗೆಯನ್ನು ಮತ್ತೆ ತರಲಾಗದು. ನಮ್ಮೂರುಗಳ ಹಳೆಯ ಮಣ್ಣು–ಗಾರೆ ಗೋಡೆಗೆ ಸಿಮೆಂಟ್ ಮೆತ್ತಿದಾಗ ಅದು ಹಾಳೆಹಾಳೆಯಾಗಿ ಏಳುವುದಕ್ಕೂ ಇದೇ ಕಾರಣ.

ಸರಿಯಾದ ರಿಪೇರಿ ನಿಧಾನದ್ದು. ಕೆಟ್ಟ ಸಂದನ್ನು ಯಂತ್ರದಿಂದ ಕೊರೆಯದೆ ಉಳಿಯಿಂದ, ಸಂದಿನ ಅಗಲದ ಎರಡರಷ್ಟು, ಕಡಿಮೆಯೆಂದರೂ 20ರಿಂದ 25 ಮಿಲಿಮೀಟರ್ ಆಳಕ್ಕೆ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ನೈಸರ್ಗಿಕ ಜಲಸುಣ್ಣಕ್ಕೆ (ನೀರು ತಾಗಿ ಗಟ್ಟಿಯಾಗುವ ಸುಣ್ಣ) ಎರಡೂವರೆಯಿಂದ ಮೂರು ಪಾಲು ಚೂಪು ಕಣದ ಮರಳು ಕಲಸಿ ತುಂಬಬೇಕು. ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಡಬೇಕು. 5 ಡಿಗ್ರಿಗಿಂತ ಚಳಿಯಿದ್ದರೆ ಈ ಕೆಲಸ ಹಿಡಿಯಬಾರದು. ಹಾಗಾಗಿ ಅಲ್ಲಿ ಗಾರೆ ಕೆಲಸದ ಕಾಲ ಏಪ್ರಿಲಿನಿಂದ ಅಕ್ಟೋಬರ್.

ಗೋಡೆಯ ಬುಡ ಒದ್ದೆಯಾಗಿದ್ದರೆ ಎರಡು ಮೊನೆಯ ವಿದ್ಯುತ್ ಮೀಟರು ಚುಚ್ಚಿ, ನೆಲದಿಂದ ತೇವ ಏರುತ್ತಿದೆ, ರಾಸಾಯನಿಕ ಚುಚ್ಚಬೇಕು ಎಂದು ಹೇಳುವವರು ಸಿಗುತ್ತಾರೆ. ಆ ಮೀಟರು ಮರದ ತೇವ ಅಳೆಯಲು ಮಾಡಿದ್ದು. ಹಳೆಯ ಗಿಲಾವಿನಲ್ಲಿರುವ ಲವಣಗಳು ಒಣಗಿದ ಗೋಡೆಯಲ್ಲೂ ಮುಳ್ಳನ್ನು ಮೇಲೆತ್ತುತ್ತವೆ. ಮೊದಲು ಹೊರಗೆ ಹೋಗಿ ನೋಡಬೇಕು: ಮಳೆನೀರ ಕೊಳವೆ ಒಡೆದಿದೆಯೇ? ಹಿತ್ತಿಲ ನೆಲ ಒಳನೆಲಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿದೆಯೇ, ಅಥವಾ ಕಾಲಕಾಲಕ್ಕೆ ಕಲ್ಲು ಹಾಸಿ ಎತ್ತರವಾಗಿದೆಯೇ? ಮರದ ನೆಲದಡಿಗೆ ಗಾಳಿ ಹೋಗುವ ತೂತಿನ ಇಟ್ಟಿಗೆಗಳನ್ನು ಯಾರಾದರೂ ಮುಚ್ಚಿದ್ದಾರೆಯೇ? ಇವನ್ನು ಸರಿಪಡಿಸಿ ಒಂದು ವರ್ಷ ಕಾದರೆ ಗೋಡೆ ಎಷ್ಟೋ ಸಲ ತಾನೇ ಒಣಗುತ್ತದೆ.

ಮರಕ್ಕೆ ಆ ಮೀಟರು ಸರಿಯಾದ ಸಾಧನವೇ. 20 ಶೇಕಡಾ ಮೀರಿದರೆ ಎಚ್ಚರ. ಸರ್ಪುಲಾ ಲ್ಯಾಕ್ರಿಮನ್ಸ್ ಎಂಬ ಶಿಲೀಂಧ್ರ ಅಂಥ ಮರದಲ್ಲಿ ಹುಟ್ಟಿ, ಎಳೆಗಳ ಮೂಲಕ ಇಟ್ಟಿಗೆ ಗೋಡೆಯನ್ನೂ ದಾಟಿ ಆಚೆಯ ಮರಕ್ಕೆ ಹಬ್ಬುತ್ತದೆ. ಜಂಟಿ ಗೋಡೆಯಿರುವ ಮನೆಯಲ್ಲಿ ಇದು ಪಕ್ಕದವರ ಸಮಸ್ಯೆಯೂ ಆಗುತ್ತದೆ.

ಗೋಡೆ ಮುಟ್ಟುವ ಮುನ್ನ

ಮನೆ ಪಾರಂಪರಿಕ ಪಟ್ಟಿಯಲ್ಲಿದ್ದರೆ ಒಳಗಿನ ಮೆಟ್ಟಿಲು, ಗಿಲಾವು, ಅಗ್ಗಿಷ್ಟಿಕೆಗಳಿಗೂ ರಕ್ಷಣೆ ಇದೆ. ಅದರ ಸ್ವರೂಪ ಬದಲಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕರು ಮಾಡಿದ್ದನ್ನು ಸರಿಪಡಿಸುವಂತೆ ಈಗಿನ ಮಾಲೀಕರಿಗೂ ನೋಟಿಸ್ ಬರಬಹುದು, ಅದಕ್ಕೆ ಕಾಲಮಿತಿಯಿಲ್ಲ.

ಜಂಟಿ ಗೋಡೆಗೆ ಬೇರೆಯೇ ಕಾನೂನಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ, ಆ ಗೋಡೆಗೆ ಬೀಮು ಕೂರಿಸುವುದು, ಹೊಗೆಗೂಡು ಕಡಿಯುವುದು, ಗೋಡೆ ಎತ್ತರಿಸುವುದು ಇವಕ್ಕೆ ಎರಡು ತಿಂಗಳು ಮುಂಚೆ ಪಕ್ಕದವರಿಗೆ ಲಿಖಿತ ನೋಟಿಸ್ ಕೊಡಬೇಕು. ಪಕ್ಕದ ಕಟ್ಟಡದಿಂದ 3 ಮೀಟರಿನೊಳಗೆ ಅದರ ಪಾಯಕ್ಕಿಂತ ಆಳವಾಗಿ ಅಗೆಯುವುದಾದರೆ ಒಂದು ತಿಂಗಳು. ಶೆಲ್ಫಿಗೆ ಸ್ಕ್ರೂ ಹಾಕಲು, ಗಿಲಾವು ಮಾಡಲು ನೋಟಿಸ್ ಬೇಡ. ನೋಟಿಸ್ ನಮಗೆ ಬಂದಾಗ 14 ದಿನ ಸುಮ್ಮನಿದ್ದರೆ ಒಪ್ಪಿಗೆಯೆಂದು ಆಗುವುದಿಲ್ಲ, ಕಾಯ್ದೆ ಅದನ್ನು ತಕರಾರು ಎಂದೇ ಎಣಿಸುತ್ತದೆ. ಆಗ ಇಬ್ಬರೂ ಸೇರಿ ಒಬ್ಬ ಸರ್ವೇಯರನ್ನೋ, ತಲಾ ಒಬ್ಬರನ್ನೋ ನೇಮಿಸಬೇಕು. ಖರ್ಚು ಸಾಮಾನ್ಯವಾಗಿ ಕೆಲಸ ಮಾಡಿಸುವವರದು. ಕೆಲಸ ಶುರುವಾಗುವ ಮುನ್ನ ಸರ್ವೇಯರು ಪಕ್ಕದ ಮನೆಯೊಳಗೆ ಬಂದು, ಆಗಲೇ ಇರುವ ಪ್ರತಿ ಬಿರುಕನ್ನೂ ಅಳೆದು, ಫೋಟೋ ತೆಗೆದು ಬರೆದಿಡುತ್ತಾರೆ. ಒಪ್ಪಿಗೆ ಕೊಡುವವರೂ ಈ ದಾಖಲೆಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಬೇಕು. ಆಮೇಲೆ ಹೊಸ ಬಿರುಕು ಕಂಡರೆ ಹೋಲಿಸಿ ತೋರಿಸಲು ಕೈಯಲ್ಲಿರುವ ಆಧಾರ ಅದೇ.